ಶಿಲ್ಪಕ್ಕೆ ಮಿತಿ ಹಾಕಿದ ಗುಡಿ: ಅಮೃತಾಪುರ ಮತ್ತು ಹೊಯ್ಸಳ ಶೈಲಿ

ಹೊಯ್ಸಳ ಶೈಲಿಯೆಂದರೆ ಕುಸುರಿ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. 1876ರಲ್ಲಿ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನ್ ಜೊತೆ ಇಟ್ಟು ನೋಡಿ, ಎರಡೂ ವಾಸ್ತುಕಲೆಯ ಎದುರುಬದುರು ತುದಿಗಳೆಂದ. ಅವನ ಮೆಚ್ಚುಗೆ ನಿಜವಾದದ್ದೇ. ಆದರೆ ಆಮೇಲೆ ಬಂದವರು ಅದೇ ಜಾಡಿನಲ್ಲಿ ಇನ್ನೊಂದು ತೀರ್ಮಾನಕ್ಕೆ ಜಾರಿದರು: ಹೊಯ್ಸಳರ ಕಾಲದವರು ಒಳ್ಳೆಯ ಶಿಲ್ಪಿಗಳು, ಕಟ್ಟಡ ಕಟ್ಟುವುದರಲ್ಲಿ ಮಾತ್ರ ಅಷ್ಟಕ್ಕಷ್ಟೆ. ಈ ತೀರ್ಮಾನಕ್ಕೆ ಉತ್ತರ ತರೀಕೆರೆ ತಾಲ್ಲೂಕಿನಲ್ಲೇ ಇದೆ. ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗರಲ್ಲಿ ಬಹುಪಾಲು ಜನ ಅದನ್ನು ನೋಡದೆ ಹಿಂತಿರುಗುತ್ತಾರೆ.

ಅಮೃತಾಪುರದ ಅಮೃತೇಶ್ವರ ದೇವಾಲಯ 1196ರದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಇದನ್ನು ಕಟ್ಟಿಸಿದ. ಅಂದರೆ ಇದು ರಾಜಧಾನಿಯ ವೈಭವಕ್ಕಲ್ಲ, ಅಧಿಕಾರಿಯೊಬ್ಬನ ಭಕ್ತಿಗೆ ಎದ್ದ ಊರ ಗುಡಿ. ಇಲ್ಲಿನ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಕಟ್ಟಿಸಿದವನಿಗೆ ರುಚಿಯೂ ಇತ್ತು, ಸಂಪತ್ತೂ ಇತ್ತು.

ಗುಡಿ ಏಕಕೂಟ, ಅಂದರೆ ಒಂದೇ ವಿಮಾನದ್ದು. ಗರ್ಭಗುಡಿಯ ಮುಂದೆ ಒಂಬತ್ತು ಅಂಕಣದ ನವರಂಗ, ಅದರಾಚೆ ಇಪ್ಪತ್ತೊಂಬತ್ತು ಅಂಕಣದ ತೆರೆದ ಮುಖಮಂಟಪ. ಈ ಪ್ರಮಾಣವೇ ಇಲ್ಲಿನ ಮುಖ್ಯ ಸಾಧನೆ. ಮಂದಿ ಕೂಡುವ ಜಾಗ ದೊಡ್ಡದು, ಬೆಳಕಿನದು. ದೇವರ ಜಾಗ ಚಿಕ್ಕದು, ಕತ್ತಲಿನದು. ತಿರುಗಣೆಯಲ್ಲಿ ಕಡೆದು ಹೊಳಪಿಟ್ಟ ಬಳಪದ ಕಲ್ಲಿನ ಕಂಬಗಳ ಸಾಲಿನ ನಡುವೆ ನಡೆದರೆ ಆ ಇಳಿತ ಮೈಗೇ ತಿಳಿಯುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಇಂದು ಶಿಖರಗಳಿಲ್ಲ. ಇಲ್ಲಿ ಮೂಲ ಶಿಖರವೇ ಉಳಿದಿದೆ. ಗರ್ಭಗುಡಿಯ ಮುಂದಿನ ಸುಕನಾಸಿಯ ಮೇಲೆ ಸಿಂಹದೊಡನೆ ಸೆಣಸುವ ಸಳನಿದ್ದಾನೆ. ಹಾಗಾಗಿ ಹೊಯ್ಸಳ ಕಟ್ಟಡದ ಪೂರ್ಣ ಆಕಾರ ಅರಿಯಲು ಈ ಗುಡಿಯೇ ಹೆಚ್ಚು ನೆರವಾಗುತ್ತದೆ.

ಶಿಲ್ಪವೂ ಇಲ್ಲಿ ತನ್ನ ಜಾಗ ತಿಳಿದಿದೆ. ವಿಮಾನದ ಗೋಡೆಯಲ್ಲಿ ಸೋಮನಾಥಪುರದಂತೆ ದೇವತೆಗಳ ದಟ್ಟ ಸಾಲಿಲ್ಲ. ಅರೆಗಂಬಗಳು, ಅವುಗಳ ಮೇಲಿನ ಪುಟ್ಟ ಗೋಪುರಗಳು ಕಟ್ಟಡದ ಮಡಿಕೆಗಳನ್ನೇ ಎತ್ತಿ ತೋರಿಸುತ್ತವೆ. ಕಥೆಯಿರುವುದು ಮುಖಮಂಟಪದ ಹೊರಗೋಡೆಯಲ್ಲಿ, 140 ಫಲಕಗಳಲ್ಲಿ. ದಕ್ಷಿಣಕ್ಕೆ ರಾಮಾಯಣದ 70. ಉತ್ತರಕ್ಕೆ ಕೃಷ್ಣಕಥೆಯ 25, ಮಹಾಭಾರತದ 45. ಅನೇಕ ಹೊಯ್ಸಳ ಗುಡಿಗಳ ಪಟ್ಟಿಕೆಗಳಿಗಿಂತ ಇವು ದೊಡ್ಡವು, ನಿಂತು ನೋಡಿದರೆ ಕಣ್ಣಿಗೆ ಸಲೀಸಾಗಿ ಸಿಗುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುವ ಭಕ್ತನಿಗೆ ಕಥೆ ಕೊನೆಯಿಂದ ಎದುರಾಗುತ್ತದೆ. ಇದನ್ನು ಶಿಲ್ಪಿಯ ಮರೆವು ಎನ್ನಲಾರೆ. ಹೀಗೆ ಮಾಡಿದ್ದರಿಂದ ಎರಡು ಬದಿಯ ಕಥೆಗಳೂ ಒಂದೇ ದಿಕ್ಕಿಗೆ ಜೋಡಿಯಾಗಿ ಹರಿಯುತ್ತವೆ. ನಡೆಯುವವನ ಅನುಕೂಲಕ್ಕಿಂತ ಕಟ್ಟಡದ ಸಮತೋಲ ಮೇಲಾಯಿತು. ಭಕ್ತನ ಪಾಲಿಗೆ ಅದು ನಷ್ಟವೇ. ಇಲ್ಲಿ ಕೊನೆಯ ಮಾತು ಯಾರದಿತ್ತು ಎಂಬುದನ್ನೂ ಅದೇ ಹೇಳುತ್ತದೆ.

ಮಂಟಪದ ಒಳಛಾವಣಿಯಲ್ಲಿ ಕೆಲಸ ಮಾಡಿದವರಲ್ಲಿ ರೂವಾರಿ ಮಲ್ಲಿತಮ್ಮನಿದ್ದ. 1246ರ ನುಗ್ಗೇಹಳ್ಳಿಯಲ್ಲೂ ಅದರ ಅನಂತರದ ಸೋಮನಾಥಪುರದಲ್ಲೂ ಅದೇ ಹೆಸರು ಕಾಣುತ್ತದೆ. ಆ ಹೊತ್ತಿಗೆ ಗೋಡೆಗಳು ಮೂರ್ತಿಗಳಿಂದ ತುಂಬಿಹೋಗಿದ್ದವು. ಕೈಚಳಕ ಬೆಳೆದಿರಬಹುದು, ಸಂಯಮ ಕಡಿಮೆಯಾಯಿತೆಂದೇ ನನ್ನ ಅನಿಸಿಕೆ.

2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದವು. ಆ ಗೌರವ ಅವಕ್ಕೆ ಸಲ್ಲಬೇಕಾದದ್ದೇ. ಆದರೆ ಈ ಮೂರನ್ನಷ್ಟೇ ನೋಡಿದವರಿಗೆ ಸಿಗುವುದು ಹೊಯ್ಸಳರ ಉಳಿಯ ಪರಿಚಯ. ಅವರ ಕಟ್ಟಡಬುದ್ಧಿಯನ್ನು ಅಳೆಯಬೇಕಾದವರು ಅಮೃತಾಪುರವನ್ನು ನೋಡದೆ ತೀರ್ಪು ಕೊಡಬಾರದು.