ಅಕ್ಷರವನ್ನು ಎಣಿಸುವ ಪರಿ: ‘ಬಸವೇಶ್ವರನಗರ’ದ ಸಾಕ್ಷ್ಯ

ಕೊಟ್ಟ ಅಕ್ಷರಗಳೆಲ್ಲವೂ ಇರುವ ದೀರ್ಘ ಪದವನ್ನು ಹುಡುಕುವುದು ಇಂಗ್ಲಿಷಿನಲ್ಲಿ ಬರಿಯ ಎಣಿಕೆಯ ಕೆಲಸ. ಅಕ್ಷರವೆಂದರೇನು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅದೇ ವಿಧಾನವನ್ನು ಕನ್ನಡ ಪದಕೋಶಗಳಿಗೆ ಹಾಗೆಯೇ ಅನ್ವಯಿಸುವುದನ್ನು ನಾವು ಒಪ್ಪಲಾರೆವು. ಪಶ್ಚಿಮ ಬೆಂಗಳೂರಿನ ಎರಡು ಬಡಾವಣೆಗಳ ಹೆಸರನ್ನೇ ನೋಡಬಹುದು. ‘ಬಸವೇಶ್ವರನಗರ’ಕ್ಕೆ ಪದಬಂಧದಲ್ಲಿ ಬೇಕಾಗುವ ಮನೆಗಳು 8, ಯೂನಿಕೋಡ್ ಸಂಕೇತಗಳು 11. ‘ವ’ವನ್ನು ಹುಡುಕಿದರೆ ಯಂತ್ರ ಇಲ್ಲಿ ಎರಡನ್ನು ತೋರಿಸುತ್ತದೆ; ಇರುವುದಾದರೋ ‘ವೇ’ ಮತ್ತು ‘ಶ್ವ’, ಬಿಡಿ ‘ವ’ ಅಲ್ಲ. ‘ರಾಜಾಜಿನಗರ’ದಲ್ಲಿ ಇದಕ್ಕೆ ವಿರುದ್ಧ: ‘ಆ’ ಎರಡು ಬಾರಿ ಕೇಳಿಸಿದರೂ ಸ್ವರಚಿಹ್ನೆಯ ಸಂಕೇತ ಬೇರೆಯಾದ್ದರಿಂದ ಒಂದೂ ಸಿಗದು.

ಸಂಕೇತಗಳ ಬದಲು ಯೂನಿಕೋಡ್ ತಾನೇ ಗೊತ್ತುಪಡಿಸಿದ ಅಕ್ಷರಗುಚ್ಛಗಳನ್ನು ಎಣಿಸಿದರೆ ಸಾಕೆಂಬ ವಾದವೂ ನಿಲ್ಲದು. ಸಂಯುಕ್ತಾಕ್ಷರವನ್ನು ಒಡೆಯದಿರುವ ನಿಯಮವನ್ನು 2023ರ 15.1ನೆಯ ಆವೃತ್ತಿ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳಿಗೆ ನೀಡಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. (ತೆಲುಗು–ಕನ್ನಡ ಲಿಪಿಗಳ ನಂಟು ಬಲ್ಲವರಿಗೆ ಇದು ಸೋಜಿಗವೇ.) ಆ ನಿಯಮವಿಲ್ಲದೆ ‘ಶ್ವ’ ಎರಡಾಗಿ ಒಡೆದು ಎಣಿಕೆ 9 ಆಗುತ್ತದೆ, ಇಲ್ಲದ ‘ವ’ ಮತ್ತೆ ಹುಟ್ಟುತ್ತದೆ. ಧ್ವನಿಮಾಗಳನ್ನು ಎಣಿಸುವವರಿಗೆ ಅದೇ ಪದ 17. ಎಣಿಸಿದ ಘಟಕ ಯಾವುದೆಂದು ಹೇಳದೆ ಕನ್ನಡದ ಪದದೀರ್ಘತೆಯ ಅಂಕಿಗಳನ್ನು ಮುಂದಿಡುವ ಪ್ರಬಂಧಗಳನ್ನು ಒಂದರೊಡನೊಂದು ಹೋಲಿಸುವಂತೆಯೇ ಇಲ್ಲ.