ಬೆಚ್ಚಗಿನ ಡ್ಯಾಕ್, ಒಣ ಡ್ಯಾಕ್ ಮತ್ತು ನಮ್ಮ ಕಿವಿ

ಬೆಂಗಳೂರಿನ ಆಡಿಯೋ ಹುಚ್ಚರ ನಡುವೆ ಅರ್ಧ ಗಂಟೆ ಕೂತು ನೋಡಿ. ವಿಷಯ ವಿದ್ಯುತ್ತಿನದಾದ್ರೂ ಭಾಷೆ ಮಾತ್ರ ಅಡುಗೆಮನೇದು. ಈ ಡ್ಯಾಕ್ ಬೆಚ್ಚಗಿದೆ, ಅದು ಒಣ. ಇದರ ಮಧ್ಯಸ್ಥಾಯಿ ಗಟ್ಟಿ, ಅದರ ಮೇಲಿನ ಸ್ವರ ಸ್ವಲ್ಪ ಖಾರ. ಒಂದರಲ್ಲಿ ಜೀವ ಇದೆ, ಇನ್ನೊಂದು ಬರೀ ಲೆಕ್ಕ ಒಪ್ಪಿಸುತ್ತೆ. ಈ ಭಾಷೆ ನನಗೂ ಇಷ್ಟ, ನಾನೂ ಆಡ್ತೀನಿ. ತೊಂದರೆ ಏನಪ್ಪಾ ಅಂದ್ರೆ ಈ ಒಂದೊಂದು ವಿಶೇಷಣಕ್ಕೂ ಈಗ ಲಕ್ಷದ ಲೆಕ್ಕದಲ್ಲಿ ಬೆಲೆ ಇದೆ. ಇಎಂಐ ಕಟ್ಟಿ ‘ಬೆಚ್ಚಗೆ’ ಅನ್ನೋ ಪದ ಕೊಂಡುಕೊಳ್ಳುವವರು ನಮ್ಮ ಆಫೀಸುಗಳಲ್ಲೇ ಇದ್ದಾರೆ. ಹಾಗಾಗಿ ಯಾವ ಪದದ ಹಿಂದೆ ನಿಜವಾದ ಸದ್ದು ಇದೆ, ಯಾವುದರ ಹಿಂದೆ ಇಲ್ಲ ಅಂತ ಒಮ್ಮೆ ಕೂತು ವಿಂಗಡಿಸೋದು ಒಳ್ಳೇದು.

ಹೊಸಬರಿಗೆ ಎರಡು ಮಾತು. ಫೋನಿನಲ್ಲಿರೋ ಹಾಡು ಅಂಕಿಗಳ ಸಾಲು. ಸಿ.ಡಿ. ಗುಣಮಟ್ಟ ಅಂದ್ರೆ ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100 ಅಂಕಿ. ಪ್ರತಿ ಅಂಕಿಗೂ 65,536 ಮೆಟ್ಟಿಲುಗಳಲ್ಲಿ ಒಂದು ಜಾಗ. ಇದನ್ನು ಆಂಪ್ಲಿಫೈಯರಿಗೆ ಅರ್ಥವಾಗೋ ವೋಲ್ಟೇಜ್ ಮಾಡಿ ಕೊಡೋದು ಡ್ಯಾಕ್. ಕೆಲಸ ಇಷ್ಟೇ. ಈ ಕೆಲಸವನ್ನು ಅಮೆರಿಕದಲ್ಲಿ 9 ಡಾಲರಿಗೆ ಸಿಗೋ ಆ್ಯಪಲ್ ಡಾಂಗಲ್ ಕೂಡ ಮಾಡುತ್ತೆ, ಕೇಂಬ್ರಿಜ್‌ನ ಡಿಸಿಎಸ್ ಕಂಪನಿಯ ವಿವಾಲ್ಡಿಯೂ ಮಾಡುತ್ತೆ. ವಿವಾಲ್ಡಿಯ ಬೆಲೆಗೆ ಒಂದು ಒಳ್ಳೇ ಕಾರು ಬರುತ್ತೆ. ಎರಡರ ಮಧ್ಯೆ ಕಿವಿಗೆ ಸಿಗೋ ವ್ಯತ್ಯಾಸ ಎಷ್ಟು ಅನ್ನೋದೇ ಜಗಳ.

ದುಬಾರಿ ಡ್ಯಾಕ್‌ಗಳಲ್ಲಿ ಸ್ಥೂಲವಾಗಿ ಮೂರು ಮನೆತನ ಇವೆ. ಮೊದಲನೇದು ಚಿಪ್‌ನವರು: ಅಮೆರಿಕದ ಇಎಸ್‌ಎಸ್ ಕಂಪನಿಯ ಸೇಬರ್ ಅಥವಾ ಜಪಾನಿನ ಎಕೆಎಂ ಚಿಪ್ ತಗೊಂಡು ಸುತ್ತ ಸರ್ಕ್ಯೂಟ್ ಕಟ್ಟುವವರು. ಎರಡನೇದು ಏಣಿಯವರು: ಚಿಪ್ ಬಿಟ್ಟು ಬಿಡಿ ರೆಸಿಸ್ಟರುಗಳನ್ನೇ ಮೆಟ್ಟಿಲಿನ ಥರ ಜೋಡಿಸುವ ಹೋಲೋ ಆಡಿಯೋ, ಡೆನಾಫ್ರಿಪ್ಸ್, ಎಂಎಸ್‌ಬಿ. ಮೂರನೇದು ಲೆಕ್ಕದವರು: ತಮ್ಮದೇ ಕೋಡ್ ಬರೆದು ಎಫ್‌ಪಿಜಿಎ ಮೇಲೆ ಓಡಿಸುವ ಇಂಗ್ಲೆಂಡಿನ ಕಾರ್ಡ್ ಥರದವರು. ಡಿಸಿಎಸ್‌ನ ರಿಂಗ್ ಡ್ಯಾಕ್ ಎರಡನೇ ಮತ್ತು ಮೂರನೇ ಮನೆಗಳ ಮಧ್ಯೆ ಎಲ್ಲೋ ನಿಲ್ಲುತ್ತೆ.

ಏಣಿಯವರಿಂದ ಶುರು ಮಾಡೋಣ, ಯಾಕಂದ್ರೆ ‘ಬೆಚ್ಚಗೆ’ ಅನ್ನೋ ಪದ ಅವರ ಆಸ್ತಿ. ಹೋಲೋದ ಮೇ ಅನ್ನೋ ಡ್ಯಾಕ್‌ನಲ್ಲಿ ಒಂದು ಅನುಕೂಲ ಇದೆ: ಓವರ್‌ಸ್ಯಾಂಪ್ಲಿಂಗ್ ಬೇಕಾ ಬೇಡ್ವಾ ಅಂತ ಅದೇ ಡಬ್ಬಿಯಲ್ಲಿ ಬದಲಾಯಿಸಬಹುದು. ಗೆಳೆಯನ ಮನೆಯಲ್ಲಿ ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿ ಎರಡೂ ರೀತಿ ಕೇಳಿದೆ. ಓವರ್‌ಸ್ಯಾಂಪ್ಲಿಂಗ್ ಇಲ್ಲದೆ ಕೇಳಿದಾಗ ಮೀಟಿನ ಮೊನೆ ಒಂದು ಕೂದಲೆಳೆ ಮೊಂಡಾಗುತ್ತೆ, ತಂತಿಯ ನಾದ ಮುಂದೆ ಬರುತ್ತೆ, ಹಿಂದಿನ ತಂಬೂರಿಯ ಜವಾರಿ ಸ್ವಲ್ಪ ತಗ್ಗುತ್ತೆ. ಒಟ್ಟಾರೆ ಹಿತ. ‘ಬೆಚ್ಚಗೆ’ ಅನ್ನೋ ಪದ ಇಲ್ಲಿ ಸುಳ್ಳಲ್ಲ.

ಆದರೆ ಇದಕ್ಕೆ ಕಾರಣ ರೆಸಿಸ್ಟರಿನ ಆತ್ಮ ಅಲ್ಲ. ಓವರ್‌ಸ್ಯಾಂಪ್ಲಿಂಗ್ ಇಲ್ಲದಾಗ ಡ್ಯಾಕ್ ಒಂದು ಅಂಕಿಯ ವೋಲ್ಟೇಜನ್ನು ಮುಂದಿನ ಅಂಕಿ ಬರೋತನಕ ಹಾಗೇ ಹಿಡ್ಕೊಂಡಿರುತ್ತೆ. ಹೀಗೆ ಹಿಡಿದ್ರೆ ಮೇಲಿನ ಕಂಪನಗಳು ಇಳಿಯೋದು ಗಣಿತದ ನಿಯಮ. ಸಿ.ಡಿ. ದರದಲ್ಲಿ 10 ಕಿಲೋಹರ್ಟ್ಜ್ ಹತ್ತಿರ ಸುಮಾರು 0.75 ಡೆಸಿಬೆಲ್, 20 ಕಿಲೋಹರ್ಟ್ಜ್ ಹತ್ತಿರ ಸುಮಾರು 3.2 ಡೆಸಿಬೆಲ್ ಇಳಿಕೆ. ಜೊತೆಗೆ 22.05 ಕಿಲೋಹರ್ಟ್ಜ್ ಮೇಲೆ, ನಮಗೆ ಕೇಳಿಸದ ಜಾಗದಲ್ಲಿ, ಸಂಗೀತದ ಪ್ರತಿಬಿಂಬಗಳು ಉಳಿದುಬಿಡುತ್ತವೆ. ಬ್ರಿಟನ್ನಿನ ಆಡಿಯೋ ನೋಟ್ ವರ್ಷಗಳಿಂದ ಡಿಜಿಟಲ್ ಫಿಲ್ಟರ್ ಇಲ್ಲದ ಡ್ಯಾಕ್‌ಗಳನ್ನೇ ಮಾಡ್ತಾ ಬಂದಿದೆ. ಅದನ್ನು ಮೆಚ್ಚುವವರು ಭ್ರಮೆಯಲ್ಲಿಲ್ಲ, ಅವರು ಕೇಳ್ತಿರೋ ಇಳಿಕೆ ನಿಜವಾದದ್ದು. ಆದರೆ ಅದು ಒಂದು ಟೋನ್ ಕಂಟ್ರೋಲ್. ಜರ್ಮನಿಯ ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್‌ನ ಒಳಗೇ ಈಕ್ವಲೈಸರ್ ಇದೆ. ಅದರಲ್ಲಿ ಮೇಲಿನ ಕಂಪನಗಳನ್ನು ಇದೇ ಪ್ರಮಾಣದಲ್ಲಿ ಇಳಿಸಿ ಕೇಳಿ, ಆ ಬೆಚ್ಚಗಿನ ಬಹುಪಾಲು ಅಲ್ಲಿಗೂ ಬರುತ್ತೆ. ಬೇಡ ಅನ್ನಿಸಿದ್ರೆ ಆಫ್ ಮಾಡಬಹುದು.

ಏಣಿ ಕಟ್ಟೋದು ಸುಲಭದ ಕೆಲಸ ಅಲ್ಲ ಅಂತಲೂ ಹೇಳಬೇಕು. 16 ಬಿಟ್‌ನ ಏಣಿಯಲ್ಲಿ ಅತಿ ದೊಡ್ಡ ಮೆಟ್ಟಿಲು ಒಂದು ಅಂಶ ತಪ್ಪಿದ್ರೂ ಅತಿ ಚಿಕ್ಕ ಮೆಟ್ಟಿಲು ಅರ್ಥ ಕಳ್ಕೊಳ್ಳುತ್ತೆ. 65,536ರಲ್ಲಿ ಒಂದು ಪಾಲು ಅಂದ್ರೆ ಶೇಕಡಾ 0.0015. ಶೇಕಡಾ 0.01ರ ನಿಖರತೆಯ ರೆಸಿಸ್ಟರ್, ಅದೇ ಅಂಗಡಿಯಲ್ಲಿ ದುಬಾರಿ, ಇಲ್ಲಿ ಸಾಲೋದಿಲ್ಲ. ಆ ತಪ್ಪನ್ನು ಅಳೆದು ತಿದ್ದೋಕೆ ಹೋಲೋದವರು ಬೇರೆ ಸರ್ಕ್ಯೂಟೇ ಇಟ್ಟಿದ್ದಾರೆ. ಮೇ ಅಳತೆಯಲ್ಲೂ ಗೆಲ್ಲೋದು ಅದಕ್ಕೇ. ಕೈಕೆಲಸ ಅಂತ ನಾನು ಅದನ್ನು ಮನಸಾರೆ ಮೆಚ್ತೀನಿ. ಗಡಿಯಾರ ಕಟ್ಟೋರನ್ನು ಮೆಚ್ಚಿದ ಹಾಗೆ.

ಈಗ ಚಿಪ್‌ನವರು. ಇವರ ಬಗ್ಗೆ ಎರಡು ನಂಬಿಕೆ ಗಟ್ಟಿಯಾಗಿ ಕೂತಿವೆ: ಸೇಬರ್ ಕಣ್ಣು ಚುಚ್ಚೋ ಹಾಗೆ ಹೊಳೆಯುತ್ತೆ, ಎಕೆಎಂ ಮಖಮಲ್ಲು. ಎರಡನೇದು ಎಲ್ಲಿಂದ ಬಂತು ಅಂತ ಹುಡುಕೋ ಅಗತ್ಯವೇ ಇಲ್ಲ. ಎಕೆಎಂ ತನ್ನ ಚಿಪ್‌ಗಳನ್ನು ‘ವೆಲ್ವೆಟ್ ಸೌಂಡ್’ ಅನ್ನೋ ಹೆಸರಲ್ಲೇ ಮಾರಿದ್ದು. ಕಿವಿಗೆ ಮೊದಲು ವಿಶೇಷಣ ತಲುಪಿದೆ. ಸೇಬರ್ ಮೇಲಿನ ದೂರಿಗೆ ಕೊಂಚ ಆಧಾರ ಇದೆ. ಆ ಚಿಪ್ ಬಳಸಿದ ಹಲವು ಡ್ಯಾಕ್‌ಗಳ ಅಳತೆಯಲ್ಲಿ, ಮಧ್ಯಮ ಮಟ್ಟದ ಸದ್ದಿನಲ್ಲಿ ವಿರೂಪ ಸ್ವಲ್ಪ ಏರಿ ಇಳಿಯೋ ಒಂದು ಗೂನು ಕಾಣುತ್ತಿತ್ತು. ಸುತ್ತಲಿನ ಸರ್ಕ್ಯೂಟ್ ಸರಿಮಾಡಿ ಆ ಗೂನನ್ನು ತೆಗೆದವರೂ ಇದ್ದಾರೆ. ಅಂದ್ರೆ ದೋಷ ಚಿಪ್‌ನ ಸ್ವಭಾವದಲ್ಲಿ ಇರಲಿಲ್ಲ, ಕಟ್ಟಿದ ರೀತಿಯಲ್ಲಿತ್ತು. ಅದೂ ಸಂಗೀತಕ್ಕಿಂತ ಬಹಳ ಕೆಳಗೆ.

2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಕಂಪನಿಗಳು ಇಎಸ್‌ಎಸ್ ಕಡೆ ಹೋದವು. ಮೇಲೆ ಹೇಳಿದ ಆರ್‌ಎಂಇ ಡ್ಯಾಕ್ ಕೂಡ ಎಕೆಎಂನಿಂದ ಇಎಸ್‌ಎಸ್‌ಗೆ ಬದಲಾಯ್ತು. ಹೆಸರು ಅದೇ, ಡಬ್ಬಿ ಅದೇ. ಚಿಪ್‌ಗೇ ಸ್ವಭಾವ ಅಂಟಿಕೊಂಡಿದ್ರೆ ಮಖಮಲ್ಲು ರಾತ್ರೋರಾತ್ರಿ ಚಾಕು ಆಗಬೇಕಿತ್ತು. ನಾನು ಹಳೇದು ಹೊಸದು ಎರಡನ್ನೂ ಕೇಳಿದೀನಿ. ಮೋರ್ಚಿಂಗಿನ ಝೇಂಕಾರದಲ್ಲಾಗಲಿ ಘಟದ ಟಣತ್ಕಾರದಲ್ಲಾಗಲಿ ಬೆರಳಿಟ್ಟು ತೋರಿಸೋ ವ್ಯತ್ಯಾಸ ನನಗೆ ಸಿಗಲಿಲ್ಲ. ಎರಡೂ ಸ್ವಚ್ಛ. ‘ಒಣ’ ಅನ್ನುವವರು ಬಹುಶಃ ಈ ಸ್ವಚ್ಛತೆಗೇ ಆ ಹೆಸರಿಟ್ಟಿದ್ದಾರೆ.

ಮೂರನೇ ಮನೆ ಕಾರ್ಡ್. ಅಲ್ಲಿನ ವಿನ್ಯಾಸಕಾರ ರಾಬ್ ವಾಟ್ಸ್ ಅವರ ವಾದ ಸರಳ: ಅಂಕಿಗಳ ನಡುವಿನ ಅಲೆಯನ್ನು ಸರಿಯಾಗಿ ಮತ್ತೆ ಕಟ್ಟಬೇಕಾದ್ರೆ ಸಿದ್ಧಾಂತದ ಪ್ರಕಾರ ಕೊನೆಯಿಲ್ಲದಷ್ಟು ಉದ್ದದ ಫಿಲ್ಟರ್ ಬೇಕು; ಆದ್ದರಿಂದ ಉದ್ದ ಹೆಚ್ಚಿದಷ್ಟೂ ಒಳ್ಳೇದು. ಡೇವ್ ಡ್ಯಾಕ್‌ನಲ್ಲಿ ಈ ಉದ್ದ ಸುಮಾರು 1,64,000 ಟ್ಯಾಪ್. ಎಂ ಸ್ಕೇಲರ್ ಅನ್ನೋ ಜೊತೆ ಡಬ್ಬಿಯಲ್ಲಿ ಹತ್ತು ಲಕ್ಷ ದಾಟುತ್ತೆ. ಡೇವ್‌ನಲ್ಲಿ ಮೃದಂಗ ಕೇಳೋದು ಸುಖ. ಬಲಮುಚ್ಚಿಗೆಯ ಪೆಟ್ಟು ಶುರುವಾಗೋ ಕ್ಷಣ, ಚರ್ಮದ ನಾದ ಅರಳೋ ಕ್ಷಣ, ಎರಡೂ ಬೇರೆ ಬೇರೆ ಕೇಳಿಸುತ್ತೆ. ಆದರೆ ಸದ್ದಿನ ಮಟ್ಟ ಸರಿಸಮ ಮಾಡಿ, ಪರದೆ ಹಾಕಿ, ಆರ್‌ಎಂಇಯಲ್ಲಿ ಅದೇ ತನಿ ಆವರ್ತನ ಹಾಕಿದಾಗ ಆ ಎರಡು ಕ್ಷಣಗಳು ಅಲ್ಲೂ ಬೇರೆ ಬೇರೆಯಾಗೇ ಇದ್ದವು. ಅಂಕಿಗಳ ನಡುವೆ 22.7 ಮೈಕ್ರೋಸೆಕೆಂಡ್ ಅಂತರ ಇದೆ, ಹಾಗಾಗಿ ಸಾಮಾನ್ಯ ಡ್ಯಾಕ್‌ನ ಟೈಮಿಂಗ್ ಅಷ್ಟು ಒರಟು ಅನ್ನೋ ಮಾತು ತಪ್ಪು. ಮಿತಿಯೊಳಗಿನ ಕಂಪನವಾದ್ರೆ ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಸಮಯದ ಅಂತರವನ್ನೂ ಆ ಅಂಕಿಗಳು ಹಿಡಿದಿಡ್ತವೆ.

‘ಮಟ್ಟ ಸರಿಸಮ ಮಾಡಿ’ ಅನ್ನೋ ಮಾತೇ ಈ ಇಡೀ ವ್ಯವಹಾರದ ಕೀಲಿ. ಸಿ.ಡಿ. ಪ್ಲೇಯರ್ ಕಾಲದಿಂದ ಸಾಮಾನ್ಯ ಔಟ್‌ಪುಟ್ 2 ವೋಲ್ಟ್. ಕೆಲವು ಡ್ಯಾಕ್ 2.5 ವೋಲ್ಟ್ ಕೊಡ್ತವೆ. ಆ ಅರ್ಧ ವೋಲ್ಟ್ ಅಂದ್ರೆ ಸುಮಾರು 1.9 ಡೆಸಿಬೆಲ್ ಜಾಸ್ತಿ. ಇಷ್ಟು ಸಣ್ಣ ಏರಿಕೆಯನ್ನು ಕಿವಿ ‘ಜೋರು’ ಅಂತ ಗುರುತಿಸೋದು ಕಡಿಮೆ. ‘ತುಂಬು ದನಿ’, ‘ವಿಸ್ತಾರ’, ‘ಜೀವ’ ಅಂತ ಗುರುತಿಸುತ್ತೆ. ಶೋರೂಮಿನ ಸೋಫಾ ಮೇಲೆ ಎರಡು ಡ್ಯಾಕ್ ಹೋಲಿಸಿ ‘ಪರದೆ ಸರಿದ ಹಾಗಾಯ್ತು’ ಅನ್ನುವವರಿಗೆ ನಾನು ಕೇಳೋ ಪ್ರಶ್ನೆ ಒಂದೇ: ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿದ್ರಾ? 0.1 ಡೆಸಿಬೆಲ್ ಒಳಗೆ ತರದೆ ಮಾಡಿದ ಹೋಲಿಕೆಯಲ್ಲಿ ಡ್ಯಾಕ್‌ಗಿಂತ ವಾಲ್ಯೂಮ್ ಬಗ್ಗೆ ಹೆಚ್ಚು ಗೊತ್ತಾಗುತ್ತೆ.

ಕಣ್ಣು ಕಟ್ಟಿದ ಪರೀಕ್ಷೆಗಳು ಏನು ಹೇಳ್ತವೆ? 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಹೈ ರೆಸಲ್ಯೂಷನ್ ಸಂಗೀತದ ದಾರಿಯಲ್ಲಿ ಸಿ.ಡಿ. ಮಟ್ಟದ ಪರಿವರ್ತನೆ ಒಂದನ್ನು ಅಡ್ಡ ಇಟ್ಟು, ಕೇಳುಗರು ಗುರುತಿಸ್ತಾರಾ ಅಂತ ನೋಡಿದರು. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಅಳತೆ ಪಂಥದವರು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ತಾರೆ. ನಾನು ನಿಲ್ಲಲ್ಲ, ಯಾಕಂದ್ರೆ 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಾಸರಿ ಶೇಕಡಾ 52.3 ಸರಿ ಬಂತು. ಚಿಕ್ಕದು, ಆದರೆ ಸೊನ್ನೆ ಅಲ್ಲ. ಏನು ಕೇಳಬೇಕು ಅಂತ ಮೊದಲೇ ತರಬೇತಿ ಪಡೆದವರಲ್ಲಿ ಅದು 60ರ ಆಸುಪಾಸಿಗೆ ಏರಿತ್ತು. ಈ ಎರಡೂ ಪರೀಕ್ಷೆ ಹೈ ರೆಸಲ್ಯೂಷನ್ ಬಗ್ಗೆ, ಡ್ಯಾಕ್ ಬ್ರ್ಯಾಂಡ್ ಬಗ್ಗೆ ಅಲ್ಲ. ಆದರೂ ಒಂದು ಅಂದಾಜು ಸಿಗುತ್ತೆ: ಚೆನ್ನಾಗಿ ಮಾಡಿದ ಎರಡು ಡ್ಯಾಕ್‌ಗಳ ನಡುವೆ ಏನಾದ್ರೂ ಇದ್ರೆ ಅದು ಈ ಅಳತೆಯ ಸಣ್ಣ ವಿಷಯ. ‘ಹಗಲು ರಾತ್ರಿ ವ್ಯತ್ಯಾಸ’ ಅಲ್ಲ.

ನನಗೆ ಸಿಟ್ಟು ಬರಿಸೋದು ಬೆಲೆಯಲ್ಲ. ದುಡ್ಡಿದ್ದವರು ಸುಂದರವಾದ ವಸ್ತು ಕೊಳ್ಳಲಿ, ನಮ್ಮದೇನು ಹೋಗುತ್ತೆ? ಸಿಟ್ಟು ಬರೋದು, ವ್ಯತ್ಯಾಸ ಕೇಳಿಸಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದ ಹುಡುಗಿಗೋ ಹುಡುಗನಿಗೋ ‘ನಿಮ್ಮ ಸಿಸ್ಟಮ್ ಅಷ್ಟು ತೋರಿಸಲ್ಲ’, ‘ಕಿವಿ ಇನ್ನೂ ಪಳಗಬೇಕು’ ಅಂತ ಉತ್ತರ ಬಂದಾಗ. ಹೀಗೆ ಹೇಳಿದವರು ಸಾಮಾನ್ಯವಾಗಿ ಕಿವಿ ಪಳಗಿಸೋ ದಾರಿ ಹೇಳಿಕೊಡಲ್ಲ, ಮುಂದಿನ ಮಾಡೆಲ್ ತೋರಿಸ್ತಾರೆ. ತನ್ನ ಕಿವಿಯ ಮೇಲೇ ಅನುಮಾನ ಹುಟ್ಟಿದ ಕೇಳುಗ ಸುಲಭದ ಗಿರಾಕಿ. ಆತ ಆಮೇಲೆ ಹಾಡು ಕೇಳೋದೇ ಇಲ್ಲ, ಹಾಡಿನೊಳಗೆ ಡ್ಯಾಕ್ ಹುಡುಕ್ತಾ ಕೂರ್ತಾನೆ.

ನಾವು ಏನು ಕೇಳ್ತೀವಿ ಅನ್ನೋದನ್ನೂ ಯೋಚಿಸಿ. ಮಲ್ಲಿಕಾರ್ಜುನ ಮನ್ಸೂರರು 78 ಆರ್‌ಪಿಎಂ ತಟ್ಟೆಗಳಿಗೆ ಹಾಡಿದ್ದನ್ನು ಕೇಳುವಾಗ 10 ಕಿಲೋಹರ್ಟ್ಜ್ ಮೇಲೆ ಇರೋದು ಬಹುಪಾಲು ತಟ್ಟೆಯ ಸರಸರ. ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಯ ಹಿಂದೆ ಟೇಪಿನ ಸುಯ್ಯನೆ ಸದ್ದು ಇದ್ದೇ ಇರುತ್ತೆ. ಆ ಟೇಪು ಹಿಡಿಯೋ ವ್ಯಾಪ್ತಿ 60–70 ಡೆಸಿಬೆಲ್. 16 ಬಿಟ್‌ನದು 96. ಮೂಲದಲ್ಲೇ ಇರದ ಆಳವನ್ನು ಯಾವ ಡ್ಯಾಕ್ ತೆಗೆದು ತೋರಿಸುತ್ತೆ? ಇಂಥ ಧ್ವನಿಮುದ್ರಣಕ್ಕೆ ಬೆಚ್ಚಗಿನ ಡ್ಯಾಕ್ ನಿಜಕ್ಕೂ ಚೆಂದ, ಯಾಕಂದ್ರೆ ಅದು ಆ ಸರಸರವನ್ನು ಚೂರು ತಗ್ಗಿಸುತ್ತೆ. ಮಟ್ಟಸವಾಗಿ ಮುದ್ರಿಸಿದ ಹೊಸ ಕಛೇರಿಗೆ ಸ್ವಚ್ಛವಾದದ್ದೇ ಸರಿ.

ಹಾಗಾಗಿ ನನ್ನ ತೀರ್ಪು ಹೀಗೆ. ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕ್‌ಗೆ, ವಾಲ್ವ್ ಔಟ್‌ಪುಟ್ ಇರೋ ಡ್ಯಾಕ್‌ಗೆ ಸ್ವಭಾವ ಇದೆ. ಅದು ಸೇರಿಸಿದ ಸ್ವಭಾವ, ಇಷ್ಟವಾದ್ರೆ ತಗೊಳ್ಳಿ. ಉಳಿದ ಒಳ್ಳೇ ಡ್ಯಾಕ್‌ಗಳಿಗೆ ಸ್ವಭಾವ ಇಲ್ಲದಿರೋದೇ ಗುಣ, ಅವುಗಳಲ್ಲಿ ಆರಿಸುವಾಗ ಗುಂಡಿಗಳು, ಹೆಡ್‌ಫೋನ್ ಔಟ್‌ಪುಟ್, ಸರ್ವಿಸ್ ಸೆಂಟರ್ ನೋಡಿ. ಮಿಕ್ಕ ದುಡ್ಡು ಸ್ಪೀಕರಿಗೆ ಹಾಕಿ, ಹಿಂದಿನ ಬರಿಗೋಡೆಗೆ ಒಂದು ಪುಸ್ತಕದ ಕಪಾಟು ಇಡಿ. ಅಲ್ಲಿ ಬರೋ ಬದಲಾವಣೆ ಕೇಳೋಕೆ ಯಾರ ತರಬೇತಿಯೂ ಬೇಡ. ಅಂಗಡಿಗೆ ಹೋಗೋದೇ ಆದ್ರೆ ಚೆನ್ನಾಗಿ ಗೊತ್ತಿರೋ ಒಂದೇ ಹಾಡು ತಗೊಂಡು ಹೋಗಿ, ಮಟ್ಟ ಸರಿ ಮಾಡಿಸಿ, ಯಾವುದು ಓಡ್ತಿದೆ ಅಂತ ಹೇಳಬೇಡಿ ಅನ್ನಿ. ಅದಕ್ಕೆ ಒಪ್ಪದ ಅಂಗಡಿಯಿಂದ ಹಾಡು ವಾಪಸ್ ತಗೊಂಡು ಮನೆಗೆ ಬನ್ನಿ.