ಹಂಪೆಯ ಹರಿಹರನೂ ನನ್ನ ನಗುವೂ

ಇಪ್ಪತ್ತಾರರ ಪ್ರಾಯದಲ್ಲಿ ಹರಿಹರನಲ್ಲಿ ನನಗೆ ಒಂದು ದೋಷವೂ ಕಾಣುತ್ತಿರಲಿಲ್ಲ; ಕಂಡವರೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ. ಹೊಸಪೇಟೆಯ ಕಡೆ ಹುಟ್ಟಿ ಬೆಳೆದವನಿಗೆ ಹಂಪೆಯ ಕವಿಯೆಂದರೆ ಮನೆಯ ಹಿರಿಯನಿದ್ದಂತೆ. ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದವನು ಅದನ್ನು ಬಿಟ್ಟು ವಿರೂಪಾಕ್ಷನ ಸನ್ನಿಧಿಗೆ ಬಂದನೆಂಬುದು ಐತಿಹ್ಯ. ಆದರೆ ರಾಜರನ್ನು ಬಿಟ್ಟು ಕುಂಬಾರ ಗುಂಡಯ್ಯನನ್ನೂ ಮಾದಾರ ಚೆನ್ನಯ್ಯನನ್ನೂ ಕಥಾನಾಯಕರನ್ನಾಗಿ ಮಾಡಿದ್ದು ಐತಿಹ್ಯವಲ್ಲ, ಕಣ್ಣೆದುರಿನ ಕಾವ್ಯ. ಗಿರಿಜಾಕಲ್ಯಾಣದಲ್ಲಿ ಚಂಪುವೂ ತನಗೆ ವಶವೆಂದು ತೋರಿಸಿ, ಆಮೇಲೆ ರಗಳೆಯನ್ನು ಹೊಳೆಯಂತೆ ಹರಿಯಬಿಟ್ಟ ಈ ಕವಿಯ ಮುಂದೆ ಮಿಕ್ಕವರು ನನಗೆ ಕೆರೆಯ ನೀರಿನಂತೆ ತೋರುತ್ತಿದ್ದರು.

ಆ ದಿನಗಳಲ್ಲಿ ಆದಯ್ಯನ ರಗಳೆಯನ್ನು ತರಗತಿಯಲ್ಲಿ ಓದುವುದೆಂದರೆ ನನಗೆ ಹಬ್ಬ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಶಿವಭಕ್ತ ಆದಯ್ಯ, ಅಲ್ಲಿಯ ಜೈನರ ಹುಡುಗಿ ಪದ್ಮಾವತಿ, ಒಲವು, ಮದುವೆ, ಆಮೇಲೆ ಶಿವಭಕ್ತರಿಗೆಂದು ಮಾಡಿದ ಅಡಿಗೆ ಜೈನ ಮುನಿಗಳ ಪಾಲಾಗಿ ಮನೆಯಲ್ಲಿ ಎದ್ದ ಕಲಹ. ಸೋಮನಾಥನನ್ನೇ ತಂದು ಬಸದಿಯಲ್ಲಿ ನಿಲ್ಲಿಸುತ್ತೇನೆಂದು ಆದಯ್ಯ ಶಪಥ ಮಾಡಿ ಗೆಲ್ಲುತ್ತಾನೆ. ಜೈನರು ಹೀನೈಸಿಕೊಳ್ಳುವ ಕಡೆಯಲ್ಲೆಲ್ಲ ನಾನು ದನಿ ಏರಿಸುತ್ತಿದ್ದೆ. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಂದು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಜೈನರ ಮನೆಯ ಹುಡುಗಿಯೊಬ್ಬಳು ಪುಸ್ತಕವನ್ನು ಮೆಲ್ಲನೆ ಮುಚ್ಚಿಟ್ಟಳು. ಅದನ್ನು ಕಂಡೆ. ಕಂಡೂ ಓದು ನಿಲ್ಲಿಸಲಿಲ್ಲ.

ಈಚೆಗೆ ಆಕೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಾನೂ ಈಗ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮಗನಿಗೆ ಹಂಪೆ ತೋರಿಸಲು ಬಂದಿದ್ದಳು. ಕುಶಲಪ್ರಶ್ನೆಗಳಾದ ಮೇಲೆ, ನಗುತ್ತಲೇ, “ಸರ್, ಆದಯ್ಯನ ಪಾಠ ಈಗಲೂ ಹಂಗೇ ಮಾಡ್ತೀರೇನು?” ಎಂದಳು.

“ಮಾಡ್ತೀನಮ್ಮಾ. ನಗೋದಿಲ್ಲ, ಅಷ್ಟೇ” ಎಂದೆ.

ಅದಕ್ಕೆ ಆಕೆ ಏನೂ ಹೇಳದೆ, ಗಾಣಗಿತ್ತಿ ಬಸದಿಗೆ ಹೋಗಲು ಎಲ್ಲಿ ಇಳಿಯಬೇಕೆಂದು ಕೇಳಿದಳು. ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿ ಎಂದು ಹೇಳಿದೆನಾದರೂ, ಹೇಮಕೂಟವನ್ನು ನೂರು ಸಲ ಹತ್ತಿಳಿದ ನಾನು ಆ ಬಸದಿಯ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಆ ರಾತ್ರಿ ರಗಳೆಗಳನ್ನು ಮತ್ತೆ ತೆರೆದೆ. “ಅಂದಿನ ಕಾಲಧರ್ಮ, ಮತಗಳ ಪೈಪೋಟಿ” ಎಂದು ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಕೊಡುವ ಸಮಾಧಾನವಿದೆ. ಸುಳ್ಳಲ್ಲ, ಆದರೆ ಸಾಲದು. ಕಾಲವೇ ಎಲ್ಲವನ್ನೂ ಬರೆಸಿತೆನ್ನುವುದಾದರೆ ನಂಬಿಯಣ್ಣನ ರಗಳೆಯನ್ನು ಯಾರು ಬರೆಸಿದರು? ಆ ನಂಬಿಯಣ್ಣನಾದರೂ ಎಂಥ ಭಕ್ತ! ಭೋಗಪ್ರಿಯ, ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಂಡವನು, ಸಂಕಿಲೆಗೆ ಕೊಟ್ಟ ಮಾತಿಗೆ ತಪ್ಪಿ ಕಣ್ಣು ಕಳೆದುಕೊಂಡವನು. ಮುನಿದ ಪರವೆಯನ್ನು ಒಲಿಸಲು ಶಿವನನ್ನೇ ದೂತನನ್ನಾಗಿ ಕಳುಹಿಸುತ್ತಾನೆ. ಹರಿಹರ ಇದರಲ್ಲಿ ಒಂದನ್ನೂ ಮುಚ್ಚಿಡುವುದಿಲ್ಲ, ಮುಚ್ಚಿಡದೆಯೇ ಪ್ರೀತಿಸುತ್ತಾನೆ. ತಪ್ಪುಳ್ಳ ನಾಯಕನನ್ನು ಮೆಚ್ಚುವುದು ಹೇಗೆಂಬುದಕ್ಕೆ ಹಳಗನ್ನಡ, ನಡುಗನ್ನಡಗಳಲ್ಲಿ ಇದಕ್ಕಿಂತ ಒಳ್ಳೆಯ ಕಾವ್ಯ ನನಗೆ ತಿಳಿಯದು.

ಇಷ್ಟು ದೊಡ್ಡ ಕ್ಷಮೆ ಆದಯ್ಯನ ಮಾವನ ಮನೆಯ ಹೊಸ್ತಿಲಲ್ಲಿ ಏಕೆ ನಿಂತುಬಿಟ್ಟಿತು? ಮಾದಾರನ ಮನೆಯ ಅಂಬಲಿಯನ್ನು ಶಿವ ಸವಿದನೆಂದು ಹಾಡಿದ ಕವಿಗೆ ಬಸದಿಯ ಜನರ ಊಟ ಮಾತ್ರ ಕಹಿಯಾಯಿತೇಕೆ? ಒಳಗಿನವರು ಏನು ಮಾಡಿದರೂ ನಮ್ಮವರು. ಹೊರಗಿನವರಿಗೆ ಈ ಕಾವ್ಯದಲ್ಲಿ ಸೋಲುವುದಲ್ಲದೆ ಬೇರೆ ಕೆಲಸವಿಲ್ಲ. ಇನ್ನೊಂದು ವಿಪರ್ಯಾಸವುಂಟು. ಪುಲಿಗೆರೆಯ ಕನ್ನಡದ ತಿರುಳಿನಲ್ಲಿ ಬರೆದೆನೆಂದು ಹೆಮ್ಮೆಪಟ್ಟವನು ಜೈನನಾದ ಪಂಪ. ಹರಿಹರ ಕುಣಿಸಿದ ಕನ್ನಡಕ್ಕೆ ಹದ ಹಾಕಿದವರಲ್ಲಿ ಆ ಬಸದಿಗಳ ಜನ ಮೊದಲಿಗರು. ಇಂದಿನ ಲಕ್ಷ್ಮೇಶ್ವರದಲ್ಲಿ ಸೋಮನಾಥನ ಗುಡಿಯೂ ಇದೆ, ಶಂಖಬಸದಿಯೂ ಇದೆ.

ಹೊರಗಿನವರಿಗೆ ಬಾಯಿ ಕೊಡುವುದನ್ನು ನಾನು ಹರಿಹರನ ಸೋದರಳಿಯನಲ್ಲಿ ಹುಡುಕಬೇಕಾಯಿತು. ರಾಘವಾಂಕನ ಹರಿಶ್ಚಂದ್ರ ಸತ್ಯಕ್ಕಾಗಿ ರಾಜ್ಯ ಬಿಟ್ಟವನು, ಹೆಂಡತಿ ಮಕ್ಕಳನ್ನು ಮಾರಿದವನು. ಆದರೆ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಗಾಣರಾಣಿಯರು ತಮ್ಮನ್ನು ವರಿಸೆಂದು ಕೇಳಿದಾಗ ಕುಲದ ಮಾತೆತ್ತುತ್ತಾನೆ. ನಮ್ಮ ಹಾಡು ಕೇಳಿದ ಕಿವಿ, ನಮ್ಮ ರೂಪ ಕಂಡ ಕಣ್ಣು ಮೈಲಿಗೆಯಾಗಲಿಲ್ಲ, ಮುಟ್ಟಿದರೆ ಮಾತ್ರ ಮೈಲಿಗೆಯೇ ಎಂಬುದು ಆ ಹುಡುಗಿಯರ ವಾದದ ಸಾರ. ವಾದದಲ್ಲಿ ಸೋತ ರಾಜ ಅವರನ್ನು ಹೊಡೆದಟ್ಟುತ್ತಾನೆ. ಹಾಗೆ ಅಟ್ಟಿದವನೇ ಕಾಶಿಯಲ್ಲಿ ವೀರಬಾಹುಕನ ಆಳಾಗಿ ಸುಡುಗಾಡು ಕಾಯಬೇಕಾಯಿತು. ರಾಘವಾಂಕ ತನ್ನ ನಾಯಕನನ್ನು ಬಿಟ್ಟುಕೊಡಲಿಲ್ಲ. ಎದುರು ನಿಂತವರ ಮಾತನ್ನೂ ನುಂಗಲಿಲ್ಲ.

ಭಕ್ತನಲ್ಲದ ಅರಸನನ್ನು ಹಾಡಿದ್ದಕ್ಕೆ ಹರಿಹರ ಅಳಿಯನ ಹಲ್ಲು ಉದುರುವಂತೆ ಹೊಡೆದನೆಂದು ಕಥೆ. ಚಿಕ್ಕಂದಿನಲ್ಲಿ ಈ ಕಥೆಯಲ್ಲಿ ನಾನು ಮಾವನ ಪಕ್ಷ. ಈಗ ಆ ಏಟು ನನ್ನ ಕೆನ್ನೆಗೇ ತಗಲುತ್ತದೆ. ಹಾಗೆಂದು ಮಾವನನ್ನು ಬಿಟ್ಟಿದ್ದೇನೆಯೇ? ಇಲ್ಲ. ಸಂಜೆ ದಣಿದು ಮನೆಗೆ ಬಂದರೆ ಕೈಗೆತ್ತಿಕೊಳ್ಳುವುದು ಇಂದಿಗೂ ನಂಬಿಯಣ್ಣನನ್ನೇ. ಅಭಿಮಾನವಿದೆ, ಕುರುಡು ಹೋಗಿದೆ. ನಂಬಿಯಣ್ಣನಿಗೆ ಕಣ್ಣು ತಿರುಗಿ ಬಂದಷ್ಟು ಸೊಗಸಾಗಿ ಅಲ್ಲ. ನನಗೆ ಕನ್ನಡಕದ ಸಹಾಯ ಬೇಕಾಯಿತು.

ಕಳೆದ ಭಾನುವಾರ ಗಾಣಗಿತ್ತಿ ಬಸದಿಗೆ ಹೋಗಿದ್ದೆ. ಎರಡನೆಯ ಹರಿಹರರಾಯನ ಕಾಲದಲ್ಲಿ, 1385ರ ಸುಮಾರಿಗೆ, ದಂಡನಾಯಕ ಇರುಗಪ್ಪ ಕಟ್ಟಿಸಿದ ಕುಂಥುನಾಥ ಜಿನಾಲಯವಿದು. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯ 1368ರಲ್ಲಿ ತೀರಿಸಿ ಇನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ. ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೇಮಕೂಟದ ಶಿವಾಲಯಗಳ ಶಿಖರವೂ ಹೀಗೆಯೇ ಇರುವುದರಿಂದ ಅವುಗಳನ್ನು ಜೈನ ಬಸದಿಗಳೆಂದು ಬಹುಕಾಲ ತಪ್ಪು ತಿಳಿಯುತ್ತಿದ್ದರು. ನಾನೂ ಪ್ರವಾಸಿಗಳನ್ನು ತಡೆದು ತಿದ್ದಿದ್ದುಂಟು, ಸ್ವಲ್ಪ ಸಿಟ್ಟಿನಿಂದಲೇ.

ಒಳಗೆ ವಿಗ್ರಹವಿಲ್ಲ, ತಂಪಿದೆ. ಚೀಲದಲ್ಲಿ ಆದಯ್ಯನ ರಗಳೆ ಇತ್ತು. ಜೋರಾಗಿ ಓದಲು ಬಾಯಿ ಬರಲಿಲ್ಲ. ಕಂಬಕ್ಕೊರಗಿ ಕುಳಿತು, ಪದ್ಮಾವತಿಯನ್ನು ಆದಯ್ಯ ಮೊದಲು ನೋಡುವ ಭಾಗವನ್ನು ಮನಸ್ಸಿನಲ್ಲೇ ಓದಿಕೊಂಡೆ. ತುಂಬ ಚೆನ್ನಾಗಿದೆ.